ಮೂರನೇ ಪಾಳಿ

ಹಂಚಿಕೊಳ್ಳಲು ಒಂದು ಹೆಸರು ಕೊಡಿ ಎಂದಿತು ಕಂಪ್ಯೂಟರು.
ಮನೆಯವರೆಲ್ಲ ಅದರ ಮುಂದೆ ಬಗ್ಗಿ ನಿಂತಿದ್ದೆವು
ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಹೇಳುವವರ ಹಾಗೆ.
ಲೇಸರ್ ರಾಜ ಅಂದ ಕದಿರ್. ಅಮುದಾ ನಕ್ಕಳು.
ಅಪ್ಪ ಮಾತ್ರ ಟ್ರೇಯೊಳಗಿನ ಹಾಳೆ ತೆಗೆದು
ಹೆಬ್ಬೆರಳಲ್ಲಿ ಬೀಸಿ, ಗಾಳಿಯಾಡಿಸಿ, ಮತ್ತೆ ಇಟ್ಟು
"ಮೂರನೇ ಪಾಳಿ ಅಂತ ಹಾಕು" ಎಂದರು.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಹಾಳೆ ಎಣಿಸಿದ ಕೈ ಅದು.
ಈಗಲೂ ರೀಮು ಒಡೆದರೆ ಮೊದಲು ಮೂಸುತ್ತಾರೆ.
ಎಲ್ಲಿಯದೋ ಕಾಗದ, ಎಪ್ಪತ್ತು ಜಿಎಸ್ಎಂ ಅಂತೆ,
ಅರವತ್ತೆಂಟೂ ಇಲ್ಲ,
ಎಂದು ಗೊಣಗಿ, ಥಂಡಿಗೆ ಹೆದರಿ
ಅಕ್ಕಿ ಡಬ್ಬಿಯ ಪಕ್ಕ ಎತ್ತಿಡುತ್ತಾರೆ.

ಪ್ರಿಂಟರು ಒಂದೇ. ನನ್ನ ಕಂಪ್ಯೂಟರಿಗೆ ಕಟ್ಟಿದ್ದು,
ನಡುಮನೆಯಲ್ಲಿ, ಹಳೇ ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ.
ನಾನು ಬಾಡಿಗೆ ಕರಾರು, ಅರ್ಜಿ ಟೈಪು ಮಾಡುವವಳು,
ಪುಟಕ್ಕೆ ಹದಿನೈದು.
ಅಡುಗೆಮನೆ ಕಿಟಕಿಯ ಲ್ಯಾಪ್‌ಟಾಪು ತಂಗಿ ಅಮುದಾಳದು,
ಮೂರನೇ ಕ್ಲಾಸಿನ ಪ್ರಶ್ನೆಪತ್ರಿಕೆ.
ಮಹಡಿಯದು ಅವಳ ಮಗ ಕದಿರನದು,
ಪಾಲಿಟೆಕ್ನಿಕ್ಕಿನ ರೆಕಾರ್ಡು, ಮುಗಿಯದ ಗ್ರಾಫು.

ಷರತ್ತು ಒಂದೇ: ನನ್ನದು ಎದ್ದಿರಬೇಕು.
ನನ್ನದು ಮಲಗಿತೋ, ಅವರವು ಕಳಿಸಿದಲ್ಲೇ
ರೇಷನ್ ಸಾಲಿನ ಚೀಲಗಳಂತೆ ನಿಂತುಬಿಡುತ್ತವೆ.
"ಅಕ್ಕಾ, ನಿಂದು ಆನ್ ಮಾಡೇ" ಎಂಬ ಕೂಗು
ಕುಕ್ಕರಿನ ಎರಡನೇ ಸೀಟಿಯ ಜೊತೆಗೇ ಬರುತ್ತಿತ್ತು ದಿನಾ.
ಅಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.
ರೋಲು ಓಡಬೇಕಾದರೆ ಯಾರಾದರೊಬ್ಬರು
ನಿದ್ದೆಗೆಟ್ಟಿರಲೇಬೇಕು.

ಆಷಾಢದಲ್ಲಿ ನನಗೂ ಅಮುದಾಳಿಗೂ ಮಾತು ಬಿಟ್ಟಿತು.
ಅಮ್ಮನ ಓಲೆ ಅಡವಿಟ್ಟವರು ಯಾರು, ಗೊತ್ತಿದ್ದೂ
ಸುಮ್ಮನಿದ್ದವರು ಯಾರು... ಇರಲಿ, ಅದು ಇಲ್ಲಿ ಬೇಡ.
ನಾನು ಹಟಕ್ಕೆ ಬಿದ್ದೆ. ಕರೆಂಟು ಬಿಲ್ಲು ಅಂದೆ.
ಸ್ವಿಚ್ಚು ಆರಿಸಿದೆ. ಬಂದ ಗಿರಾಕಿಗಳನ್ನು
ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಅಟ್ಟಿ
ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕಿಕೊಂಡೆ.
ಕೂಗು ಬರಲಿಲ್ಲ. ಸೀಟಿ ಮಾತ್ರ ಬಂತು,
ಎರಡು, ಮೂರು,
ಆಮೇಲೆ ಗ್ಯಾಸು ಆರಿಸಿದ ಸದ್ದು.

ಒಂಬತ್ತನೇ ದಿನ, ನಾಳೆಗೇ ಕರಾರು ಬೇಕೆಂದು
ಒಬ್ಬರು ಬಾಗಿಲಲ್ಲೇ ಕೂತುಬಿಟ್ಟರು. ಹಾಕಿದೆ ಸ್ವಿಚ್ಚು.
ನಾನಿನ್ನೂ ಫೈಲು ತೆರೆದಿಲ್ಲ,
ಗಂಟಲು ಸರಿಮಾಡಿಕೊಂಡು ಶುರುಮಾಡಿತು ಅದು.
ಬಿಟ್ಟ ಸ್ಥಳ ತುಂಬಿರಿ.
ಹೊಂದಿಸಿ ಬರೆಯಿರಿ.
ಹೊಂದಿಸಿ ಬರೆಯಿರಿ. ಮತ್ತೆ ಅದೇ. ಮತ್ತೆ.
ಸಿಟ್ಟಿನಲ್ಲಿ ನಾಲ್ಕು ಸಲ ಒತ್ತಿದ್ದಾಳೆ.
ಕದಿರನ ಗ್ರಾಫು, ಏರಿ ಏರಿ ಹಾಳೆಯಾಚೆ ಹೋದದ್ದು.
ಕೊನೆಗೊಂದು ಹಾಳೆ, ನಡುಮಧ್ಯೆ ಒಂದೇ ಸಾಲು:
ಕಪ್ಪು ಮುಗೀತಾ ಬಂದಿದೆ, ಪೌಡರು ನಾನು ತುಂಬಿಸ್ಕೊಂಡು ಬರ್ತೀನಿ.
ಹೆಸರಿಲ್ಲ, ತಾರೀಕಿಲ್ಲ.
ಅಕ್ಷರಗಳ ಬಲಮಗ್ಗುಲು ನಿಜಕ್ಕೂ ಮಾಸಿತ್ತು.

"ನಮ್ದೇನಾ ಅದು?" ಅಂದರು ಬಾಗಿಲಲ್ಲಿ ಕೂತವರು.
ಅಲ್ಲ, ಅಂದೆ. ನಿಮಗಿಂತ ಮುಂಚೆ ನಿಂತವರದು.

ಅಪ್ಪ ಎದ್ದು ಬಂದು ಹಾಳೆಗಳನ್ನು ಒಟ್ಟುಮಾಡಿ
ಹಲಗೆಗೆ ಕುಟ್ಟಿ ಅಂಚು ಕೂಡಿಸಿದರು.
ಆ ಒಂದು ಸಾಲನ್ನು ಓದಲಿಲ್ಲ, ಕನ್ನಡಕ ಇರಲಿಲ್ಲ.
ಬೆಳಕಿಗೆ ಹಿಡಿದು, ಮಗುಚಿ, ಎರಡು ಬೆರಳಲ್ಲಿ ತಿಕ್ಕಿ
"ಈ ಕಡೆ ಚೆನ್ನಾಗೇ ಇದೆಯಲ್ಲ, ಎಸೀಬೇಡ" ಎಂದು
ತಿರುಗಿಸಿ ಟ್ರೇಗೆ ಹಾಕಿದರು.

ರಾತ್ರಿ ಸೆಟ್ಟಿಂಗಿಗೆ ಹೋದೆ.
ಎಷ್ಟು ನಿಮಿಷಕ್ಕೆ ನಿದ್ದೆ? ಎಂದು ಕೇಳುತ್ತಿತ್ತು.
ಎಂದಿಗೂ ಬೇಡ ಎಂಬುದನ್ನು ಒತ್ತಿ
ಮೀನು ಸಾರು ಬಿಸಿಮಾಡಲು ಒಳಗೆ ಹೋದರೆ
ಒಲೆಯ ಮುಂದೆ ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು.
ಮಾತಿಲ್ಲ, ಇನ್ನೂ.